ಕಲಬುರಗಿಗೂ ಮಂಗಳೂರಿಗೂ ಒಂದೇ ಸ್ಟಾರ್ ಸಾಲದು

ಏಪ್ರಿಲ್‌ನ ಒಂದು ಮಧ್ಯಾಹ್ನ. ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವಾಂಶ ಶೇ 20 ಎಂದಿಟ್ಟುಕೊಳ್ಳೋಣ. ಅದೇ ಹೊತ್ತಿಗೆ ಮಂಗಳೂರಿನಲ್ಲಿ 32 ಡಿಗ್ರಿ, ತೇವಾಂಶ ಶೇ 70. ಆಯಾ ಊರಿನವರಿಗೆ ಇವೆರಡೂ ಹೊಸ ದಿನಗಳೇನಲ್ಲ. ಯಾವ ಊರಿನ ಗಾಳಿಯಲ್ಲಿ ಶಾಖ ಹೆಚ್ಚು ಎಂದು ಕೇಳಿದರೆ ಬಹುತೇಕ ಎಲ್ಲರೂ ಕಲಬುರಗಿಯ ಕಡೆಗೇ ಕೈ ತೋರಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಉತ್ತರ ಬೇರೆ. ಒಂದು ಕಿಲೋ ಹೊರಗಾಳಿಯನ್ನು ಮೈಗೆ ಹಿತವಾಗುವ 25 ಡಿಗ್ರಿ, ಶೇ 50 ತೇವಾಂಶದ ಸ್ಥಿತಿಗೆ ತರಲು ಕಲಬುರಗಿಯಲ್ಲಿ ಎಸಿ ತೆಗೆಯಬೇಕಾದ ಶಾಖ ಸುಮಾರು 14 ಕಿಲೋಜೂಲ್. ಮಂಗಳೂರಿನಲ್ಲಿ ಅದು 36 ಕಿಲೋಜೂಲ್. ಥರ್ಮಾಮೀಟರಿನಲ್ಲಿ ಎಂಟು ಡಿಗ್ರಿ ತಂಪಾಗಿರುವ ಊರಿನಲ್ಲಿ ಯಂತ್ರಕ್ಕೆ ಎರಡೂವರೆ ಪಟ್ಟು ದುಡಿಮೆ.

ವ್ಯತ್ಯಾಸವೆಲ್ಲ ನೀರಿನದು. ಮಂಗಳೂರಿನ ಆ ಗಾಳಿಯಲ್ಲಿ ಕಿಲೋಗೆ 21 ಗ್ರಾಂ ನೀರಿನ ಆವಿ ಇದ್ದರೆ, ಕಲಬುರಗಿಯ ಗಾಳಿಯಲ್ಲಿರುವುದು 9 ಗ್ರಾಂ ಮಾತ್ರ. ಆವಿಯನ್ನು ನೀರಾಗಿಸುವುದೆಂದರೆ ಅದು ಆವಿಯಾಗುವಾಗ ನುಂಗಿದ ಶಾಖವನ್ನೆಲ್ಲ ಕಕ್ಕಿಸುವುದು. ಒಂದು ಲೀಟರ್ ನೀರನ್ನು ಗಾಳಿಯಿಂದ ಹೀಗೆ ಹಿಂಡಿ ತೆಗೆಯಲು ಎಸಿ ಸುಮಾರು 0.68 ಕಿಲೋವಾಟ್ ಗಂಟೆಯಷ್ಟು ಶಾಖವನ್ನು ಹೊರಹಾಕಬೇಕು. ಕರಾವಳಿಯ ಮನೆಗಳಲ್ಲಿ ಎಸಿಯ ನೀರಿನ ಪೈಪಿನ ಕೆಳಗೆ ಬಕೆಟ್ ಇಟ್ಟರೆ ಬೆಳಗಾಗುವಷ್ಟರಲ್ಲಿ ತುಂಬಿ ಹರಿದಿರುತ್ತದೆ. ಆ ನೀರನ್ನು ನೆಲ ಒರೆಸಲು, ಇನ್ವರ್ಟರ್ ಬ್ಯಾಟರಿಗೆ ಹಾಕಲು ಬಳಸುವವರಿದ್ದಾರೆ. ಕಲಬುರಗಿ, ರಾಯಚೂರಿನಲ್ಲಿ ಅದೇ ಯಂತ್ರದ ಪೈಪು ಏಪ್ರಿಲ್‌ನಲ್ಲಿ ಹೆಚ್ಚು ಕಡಿಮೆ ಒಣಗಿಯೇ ಇರುತ್ತದೆ. ಒಂದೂವರೆ ಟನ್ನಿನ ಎಸಿಯ ಸಾಮರ್ಥ್ಯ 5.3 ಕಿಲೋವಾಟ್. ಗಂಟೆಗೆ ಎರಡು ಲೀಟರ್ ನೀರು ಇಳಿಯುತ್ತಿದ್ದರೆ ಆ ಸಾಮರ್ಥ್ಯದ ಕಾಲು ಭಾಗ ನೀರಿಳಿಸುವುದಕ್ಕೇ ಹೋಯಿತು. ಕೋಣೆಯ ತಾಪಮಾನ ಇಳಿಸಲು ಉಳಿಯುವುದು ಮಿಕ್ಕಿದ್ದು.

ಈ ಯಂತ್ರ ಹುಟ್ಟಿದ್ದೇ ತೇವಾಂಶದ ಕಾಟ ತಾಳಲಾರದೆ ಎಂಬುದನ್ನು ಇಲ್ಲಿ ನೆನೆಯಬೇಕು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಪಡಿಸಲು ವಿಲ್ಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆಯೇ ಇಂದಿನ ಎಸಿಯ ಮೂಲಪುರುಷ. ಮನುಷ್ಯನಿಗೆ ತಂಪು ಕೊಡುವ ಯೋಚನೆ ಆಮೇಲಿನದು. ನೂರಿಪ್ಪತ್ತು ವರ್ಷಗಳ ನಂತರ ನಾವು ಎಸಿಯನ್ನು ಅಳೆಯುವುದು, ಕೊಳ್ಳುವುದು, ಅದರ ಬಗ್ಗೆ ನಿಯಮ ಮಾಡುವುದು ಎಲ್ಲವೂ ತಾಪಮಾನವೊಂದನ್ನೇ ಹಿಡಿದುಕೊಂಡು. ನನ್ನ ತಕರಾರು ಇರುವುದು ಇಲ್ಲಿಯೇ.

ಹಾಗೆಂದು ಕಲಬುರಗಿಯಲ್ಲಿ ಎಸಿಗೆ ಸುಖವಿದೆ ಎಂದಲ್ಲ. ಅಲ್ಲಿನ ಕಷ್ಟ ಬೇರೆ ಬಗೆಯದು. ಎಸಿ ತಂಪನ್ನು ಸೃಷ್ಟಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ. ಒಳಗಿನ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಕೊಳವೆಯ ಸುರುಳಿ, 10 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೊರಗಿನ ಘಟಕದ ಕಾಯಿಲ್ ಶಾಖ ಬಿಡಬೇಕಾದರೆ ಹೊರಗಾಳಿಗಿಂತ ಹತ್ತು ಹನ್ನೆರಡು ಡಿಗ್ರಿಯಾದರೂ ಹೆಚ್ಚು ಬಿಸಿಯಾಗಿರಬೇಕು. ಹೊರಗೆ 35 ಡಿಗ್ರಿ ಇದ್ದಾಗ ಆ ಕಾಯಿಲ್ 48ರ ಹತ್ತಿರ, 45 ಡಿಗ್ರಿ ಇದ್ದಾಗ 58ರ ಹತ್ತಿರ. ಒಳಗಿನದಕ್ಕೂ ಹೊರಗಿನದಕ್ಕೂ ಅಂತರ ಬೆಳೆದಷ್ಟೂ ಕಂಪ್ರೆಸರ್ ಹೆಚ್ಚು ಒತ್ತಡ ಹಾಕಬೇಕು. ಭೌತಶಾಸ್ತ್ರದ ಆದರ್ಶ ಲೆಕ್ಕದಲ್ಲೇ ಈ ಹತ್ತು ಡಿಗ್ರಿಯ ಏರಿಕೆಗೆ ದಕ್ಷತೆ ಐದನೇ ಒಂದು ಭಾಗ ಕುಸಿಯುತ್ತದೆ. ನಿಜವಾದ ಯಂತ್ರದಲ್ಲಿ ತಂಪು ಕಡಿಮೆಯಾಗುವುದು, ಕರೆಂಟು ಹೆಚ್ಚಾಗುವುದು ಎರಡೂ ಒಟ್ಟಿಗೇ ನಡೆಯುತ್ತವೆ. ಅಂದರೆ ಅತಿ ಹೆಚ್ಚು ತಂಪು ಬೇಕಾದ ಗಳಿಗೆಯಲ್ಲೇ ಯಂತ್ರ ಅತಿ ಕಡಿಮೆ ಕೊಡುತ್ತದೆ.

ಮೆಕ್ಯಾನಿಕ್‌ಗಳು ಗ್ಯಾಸ್ ಎಂದು ಕರೆಯುವ ಶೀತಕದ ಪಾತ್ರವೂ ಇದರಲ್ಲಿದೆ. ಪ್ರತಿ ಶೀತಕಕ್ಕೂ ಒಂದು ಗಡಿ ತಾಪಮಾನವಿದೆ. ಅದಕ್ಕೂ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗುವುದಿಲ್ಲ. ಹಳೆಯ ಎಸಿಗಳ ಆರ್-22ಕ್ಕೆ ಈ ಗಡಿ 96 ಡಿಗ್ರಿ, ಅದರ ನಂತರ ಬಂದ ಆರ್-410ಎಗೆ ಸುಮಾರು 71, ಈಗ ಹೆಚ್ಚು ಚಾಲ್ತಿಯಲ್ಲಿರುವ ಆರ್-32ಕ್ಕೆ 78. ಹೊರ ಕಾಯಿಲ್‌ನ ತಾಪಮಾನ ಈ ಗಡಿಗೆ ಹತ್ತಿರವಾದಂತೆ ಶೀತಕದ ಕಸುವು ಇಳಿಯುತ್ತದೆ. ಹಾಗಾಗಿ ಸುಡುಬಿಸಿಲಿನ ಊರುಗಳಲ್ಲಿ ಆರ್-410ಎ ಎಸಿಗಳು ಆರ್-32 ಎಸಿಗಳಿಗಿಂತ ಬೇಗ ಸೋಲುತ್ತವೆ. ಕೆಲವು ಕಂಪನಿಗಳು ಬಳಸುವ ಆರ್-290, ಅಂದರೆ ಪ್ರೊಪೇನ್, ಈ ವಿಷಯದಲ್ಲಿ ಆರ್-22ಕ್ಕೆ ಸಮ; ಭೂಮಿಯ ತಾಪ ಹೆಚ್ಚಿಸುವ ಗುಣವೂ ಅದರಲ್ಲಿ ನಗಣ್ಯ. ಆದರೆ ಅದು ಹೊತ್ತಿಕೊಳ್ಳುವ ಅನಿಲ. ಹೇಗೆಂದರೆ ಹಾಗೆ ಕೂರಿಸುವಂತಿಲ್ಲ.

ಈಗ ಅಂಗಡಿಗೆ ಬರೋಣ. ಎಸಿಯ ಮೈಮೇಲೆ ಅಂಟಿಸಿರುವ ಸ್ಟಾರ್ ಲೇಬಲ್ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ ಕೊಡುವಂಥದ್ದು. 2018ರ ಜನವರಿಯಿಂದ ಇದು ಐಸಿಯರ್ (ISEER) ಎಂಬ, ಇಡೀ ವರ್ಷದ ದಕ್ಷತೆಯನ್ನು ಅಳೆಯುವ ಸೂಚ್ಯಂಕದ ಮೇಲೆ ನಿಂತಿದೆ. ವರ್ಷಕ್ಕೆ 1600 ಗಂಟೆ ಎಸಿ ಓಡುತ್ತದೆ, ಹೊರಗಿನ ತಾಪಮಾನ 24ರಿಂದ 43 ಡಿಗ್ರಿಯ ನಡುವೆ ಇರುತ್ತದೆ ಎಂದು ಅದು ಊಹಿಸಿಕೊಳ್ಳುತ್ತದೆ; ಯಾವ ಡಿಗ್ರಿಗೆ ಎಷ್ಟು ಗಂಟೆ ಎಂಬುದನ್ನು ದೇಶದ 54 ನಗರಗಳ ಹವಾಮಾನವನ್ನು ಸರಾಸರಿ ಮಾಡಿ ನಿಗದಿಪಡಿಸಲಾಗಿದೆ. ಇದು ಹಳೆಯ ಪದ್ಧತಿಗಿಂತ ನಿಸ್ಸಂಶಯವಾಗಿ ಉತ್ತಮ. ಹಿಂದೆ 35 ಡಿಗ್ರಿಯಲ್ಲಿ ಪೂರ್ತಿ ವೇಗದಲ್ಲಿ ಓಡಿಸಿ ಅಳೆದರೆ ಮುಗಿಯುತ್ತಿತ್ತು. ವೇಗ ತಗ್ಗಿಸಿ ವಿದ್ಯುತ್ ಉಳಿಸುವ ಇನ್ವರ್ಟರ್ ಎಸಿಗಳ ಗುಣ ಅದರಲ್ಲಿ ಕಾಣುತ್ತಲೇ ಇರಲಿಲ್ಲ. ಹೊಸ ಪದ್ಧತಿ ಬಂದ ಮೇಲೆ ಇನ್ವರ್ಟರ್ ಎಸಿಗಳು ಮಾರುಕಟ್ಟೆಯನ್ನು ಆವರಿಸಿಕೊಂಡವು. ಅದರಿಂದ ದೇಶಕ್ಕೆ ಲಾಭವೇ ಆಗಿದೆ.

ಆದರೆ 54 ನಗರಗಳ ಸರಾಸರಿಯೆಂಬ ಊರಿನಲ್ಲಿ ಯಾರೂ ವಾಸಿಸುವುದಿಲ್ಲ. ಆ 1600 ಗಂಟೆಗಳಲ್ಲಿ 35 ಡಿಗ್ರಿಗಿಂತ ಕೆಳಗಿನ ಗಂಟೆಗಳದ್ದೇ ಮೇಲುಗೈ. ಕಲಬುರಗಿಯ ಮನೆಯೊಂದು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಎಸಿ ಹಾಕುವುದಾದರೆ ಅದರ ಬಹುಪಾಲು ಗಂಟೆಗಳು 38ರಿಂದ 42ರ ನಡುವೆ ಬೀಳುತ್ತವೆ. ಒಂದೂವರೆ ಟನ್ನಿನ ಐದು ಸ್ಟಾರ್ ಎಸಿಯ ಲೇಬಲ್ ಮೇಲೆ ವರ್ಷಕ್ಕೆ 750ರಿಂದ 800 ಯೂನಿಟ್ ಎಂದು ಬರೆದಿರುವುದನ್ನು ಕಾಣಬಹುದು. ಅಂದರೆ ಗಂಟೆಗೆ ಅರ್ಧ ಯೂನಿಟ್. ಬೆಂಗಳೂರಿನ ರಾತ್ರಿಗೆ ಈ ಲೆಕ್ಕ ಸರಿ. ಕಲಬುರಗಿಯ ಮಧ್ಯಾಹ್ನಕ್ಕೆ ಇದನ್ನು ನಂಬಿಕೊಂಡು ಬಿಲ್ಲಿನ ಅಂದಾಜು ಹಾಕಿದವರು ಮೋಸ ಹೋಗುತ್ತಾರೆ. ಬಿಲ್ಲು ನೋಡಿ ಯಂತ್ರವೇ ಕೆಟ್ಟಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸುವವರೂ ಇದ್ದಾರೆ.

ಕರಾವಳಿಗಂತೂ ಈ ಸೂಚ್ಯಂಕ ಇನ್ನೂ ದೊಡ್ಡ ಅನ್ಯಾಯ ಮಾಡುತ್ತದೆ. ಪರೀಕ್ಷೆಯ ಕೋಣೆಯೊಳಗೆ ಇರುವುದು 27 ಡಿಗ್ರಿ, ಶೇ 47ರಷ್ಟು ತೇವಾಂಶ. ಉಡುಪಿಯಲ್ಲೋ ಕಾರವಾರದಲ್ಲೋ ಜೂನ್ ತಿಂಗಳ ಒಂದು ಮಲಗುವ ಕೋಣೆಗೂ ಈ ಅಂಕಿಗೂ ಸಂಬಂಧವೇ ಇಲ್ಲ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಹೊರಗೆ 26–29 ಡಿಗ್ರಿ ಇದ್ದಾಗ ಇನ್ವರ್ಟರ್ ಎಸಿ ಮೆಲ್ಲಗೆ ಓಡುತ್ತದೆ, ದಕ್ಷತೆ ಬಹಳ ಹೆಚ್ಚಿರುತ್ತದೆ, ಲೇಬಲ್‌ನಲ್ಲಿ ಅದಕ್ಕೆ ಒಳ್ಳೆಯ ಅಂಕ ಸಿಗುತ್ತದೆ. ಕಂಪ್ರೆಸರ್ ಮೆಲ್ಲಗೆ ಓಡಿದಾಗ ಒಳಗಿನ ಕಾಯಿಲ್ ಅಷ್ಟೊಂದು ತಣ್ಣಗಿರುವುದಿಲ್ಲ. ಕಾಯಿಲ್ ಸಾಕಷ್ಟು ತಣ್ಣಗಿಲ್ಲದಿದ್ದರೆ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುವುದಿಲ್ಲ. ಕರಾವಳಿಯ ಬೇಸಿಗೆಯ ರಾತ್ರಿಗಳ ತಾಪಮಾನ ಹೆಚ್ಚು ಕಡಿಮೆ ಇದೇ 26–29 ಡಿಗ್ರಿ. ತೇವ ಹಿಂಡುವ ಕೆಲಸ ಅತಿ ಹೆಚ್ಚು ಬೇಕಿರುವ ಗಂಟೆಗಳಲ್ಲಿ ಅದನ್ನು ಮಾಡದೇ ಇರುವುದಕ್ಕೂ ಸ್ಟಾರ್ ಸಿಗುತ್ತಿದೆ.

ಇದನ್ನು ಮನೆಯೊಳಗೆ ನಿಂತು ನೋಡಿ. ರಾತ್ರಿ ಹನ್ನೊಂದಕ್ಕೆ 24ಕ್ಕೆ ಇಟ್ಟು ಮಲಗುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆ 24ಕ್ಕೆ ಬರುತ್ತದೆ, ಯಂತ್ರ ವೇಗ ತಗ್ಗಿಸುತ್ತದೆ. ಒಂದು ಗಂಟೆಯ ಹೊತ್ತಿಗೆ ತೇವಾಂಶ ಮತ್ತೆ ಏರಿ ದಿಂಬು, ಹಾಸಿಗೆ ಎಲ್ಲ ಜಿಗುಟು. ತಣ್ಣಗಿದೆ, ಆದರೆ ಮೈಗೆ ಹಿತವಿಲ್ಲ. ಎದ್ದು ರಿಮೋಟ್ ಹಿಡಿದು 20ಕ್ಕೆ, 18ಕ್ಕೆ ಇಳಿಸುತ್ತಾರೆ. ಕಂಪ್ರೆಸರ್ ಮತ್ತೆ ಜೋರಾಗಿ ಓಡಿ ಗಾಳಿ ಒಣಗುತ್ತದೆ. ಜಿಗುಟು ಹೋಯಿತು, ಈಗ ಚಳಿ. ಬೀರುವಿನಿಂದ ಕಂಬಳಿ ಹೊರಬರುತ್ತದೆ. ಹೊರಗೆ ಸೆಖೆ, ಒಳಗೆ ಕಂಬಳಿ. ಇದನ್ನು ಐಷಾರಾಮ ಎಂದು ಜರೆಯುವವರಿಗೆ ನನ್ನ ಮಾತು ಇಷ್ಟೇ: ಆ ಮನೆಯವರಿಗೆ ಬೇಕಿದ್ದದ್ದು ಒಣಗಾಳಿ. ಅದಕ್ಕೆಂದು ಅವರ ಕೈಗೆ ಕೊಟ್ಟಿರುವುದು ತಾಪಮಾನದ ಗುಂಡಿ ಒಂದೇ.

ಈ ಹಿನ್ನೆಲೆಯಲ್ಲಿ ತಾಪಮಾನದ ನಿಯಮಗಳನ್ನು ನೋಡಬೇಕು. 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಎಲ್ಲ ಕೋಣೆ ಎಸಿಗಳೂ ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು. 2025ರ ಜೂನ್‌ನಲ್ಲಿ ಕೇಂದ್ರ ಸಚಿವ ಮನೋಹರ್ ಲಾಲ್, ಎಸಿಗಳನ್ನು 20ರಿಂದ 28 ಡಿಗ್ರಿಯ ನಡುವೆ ಮಾತ್ರ ಓಡಿಸಲು ಸಾಧ್ಯವಾಗುವಂತೆ ಮಾಡುವ ಯೋಜನೆಯನ್ನು ಪ್ರಕಟಿಸಿದರು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿತಾಯ ಎಂಬುದು ಬ್ಯೂರೊದ ಲೆಕ್ಕ. ಉದ್ದೇಶ ಸರಿಯಾದದ್ದು. ಕಲಬುರಗಿಯ ಒಣಹವೆಯಲ್ಲಿ 26ಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ ನಿದ್ದೆಗೆ ಯಾವ ಕೊರತೆಯೂ ಇಲ್ಲ. ತೇವಾಂಶ ಶೇ 70 ಇರುವ 26 ಡಿಗ್ರಿಯಲ್ಲಿ ಮಲಗುವುದು ಬೇರೆ ಅನುಭವ. ತೇವಾಂಶವನ್ನು ನಿಯಂತ್ರಿಸುವ ಎಸಿ ತಯಾರಿಸಿ ಎಂದು ಕಂಪನಿಗಳನ್ನು ಒತ್ತಾಯಿಸದೆ, ಬಳಕೆದಾರನ ಕೈಯನ್ನಷ್ಟೇ ಕಟ್ಟಿಹಾಕುವ ನಿಯಮ ಕರಾವಳಿಯಲ್ಲಿ ಬಾಳುವುದಿಲ್ಲ.

ಸದ್ಯಕ್ಕೆ ಇರುವ ಉಪಾಯ ಡ್ರೈ ಮೋಡ್. ಫ್ಯಾನಿನ ವೇಗ ತಗ್ಗಿಸಿ ಕಾಯಿಲ್ ತಣ್ಣಗಿರುವಂತೆ ಇದು ನೋಡಿಕೊಳ್ಳುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಇದನ್ನೇ ಬಳಸಿ, ಮೇಲೆ ಸೀಲಿಂಗ್ ಫ್ಯಾನ್ ಹಾಕಿಕೊಳ್ಳುವುದು ಲೇಸು. ಅದಕ್ಕಿಂತ ಮುಖ್ಯವಾದದ್ದು ಕೊಳ್ಳುವಾಗಲೇ ಟನ್ನು ಹಿಗ್ಗಿಸದಿರುವುದು. "ಅರ್ಧ ಟನ್ ಜಾಸ್ತಿ ಇರಲಿ ಸಾರ್, ಬೇಗ ತಣ್ಣಗಾಗುತ್ತದೆ" ಎಂಬುದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ. ತೇವದ ಊರಿನಲ್ಲಿ ಇದು ಕೆಟ್ಟ ಸಲಹೆ. ದೊಡ್ಡ ಯಂತ್ರ ಕೋಣೆಯ ತಾಪಮಾನವನ್ನು ಹತ್ತು ನಿಮಿಷದಲ್ಲಿ ಇಳಿಸಿ ಸುಮ್ಮನಾಗುತ್ತದೆ, ನೀರಿಳಿಸಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕಂಪ್ರೆಸರ್ ನಿಂತ ಮೇಲೂ ಒಳಗಿನ ಫ್ಯಾನ್ ತಿರುಗುತ್ತಲೇ ಇದ್ದರೆ ಕಾಯಿಲ್ ಮೇಲಿದ್ದ ನೀರು ಮತ್ತೆ ಆವಿಯಾಗಿ ಕೋಣೆಗೇ ವಾಪಸು. ಕಲಬುರಗಿಯಲ್ಲಿ ಮಾತ್ರ ಅಂಗಡಿಯವರ ಸಲಹೆಯಲ್ಲಿ ಸತ್ಯವಿದೆ. 35 ಡಿಗ್ರಿಯಲ್ಲಿ ಒಂದೂವರೆ ಟನ್ ಆಗಿದ್ದ ಯಂತ್ರ 44 ಡಿಗ್ರಿಯಲ್ಲಿ ಒಂದೂವರೆ ಟನ್ ಆಗಿ ಉಳಿಯುವುದಿಲ್ಲವಲ್ಲ.

ಮನೆ ಹೇಗೆ ಕಟ್ಟಿದೆ ಎಂಬುದು ಯಂತ್ರದಷ್ಟೇ ಮುಖ್ಯ. ಕರಾವಳಿಯ ಹಂಚಿನ ಮನೆಯ ಜೀವಾಳವೇ ಗಾಳಿಯ ಓಡಾಟ: ಎತ್ತರದ ಮಾಡು, ಹಂಚಿನ ಸಂದುಗಳು, ಎದುರುಬದುರು ಕಿಟಕಿ. ಅಂಥ ಮನೆಯ ಒಂದು ಕೋಣೆಗೆ ಎಸಿ ಹಾಕಿದರೆ ಪ್ರತಿ ಸಂದಿನಿಂದಲೂ ಒಳನುಗ್ಗುವ ಗಾಳಿಯ ಜೊತೆಗೆ ಆ 21 ಗ್ರಾಂ ನೀರೂ ಬರುತ್ತದೆ. ಫಾಲ್ಸ್ ಸೀಲಿಂಗ್ ಹಾಕದೆ, ಕಿಟಕಿಯ ಸಂದು, ಬಾಗಿಲಿನ ಕೆಳಗಿನ ಅಂತರ ಮುಚ್ಚದೆ ಎಸಿ ಹಾಕಿಸುವುದು ದುಡ್ಡು ಸುಡುವ ಕೆಲಸ. ಕಲಬುರಗಿಯಲ್ಲಿ ಸಂದಿನ ಗಾಳಿ ಅಷ್ಟು ದೊಡ್ಡ ಶತ್ರುವಲ್ಲ. ಅಲ್ಲಿನ ಶತ್ರು ಮಾಳಿಗೆ. ದಪ್ಪ ಕಲ್ಲಿನ ಗೋಡೆಯ, ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಗಳು ಹಗಲಿನ ಬಿಸಿಲನ್ನು ಒಳಗೆ ಬಿಡುತ್ತಿರಲಿಲ್ಲ. ಈಗಿನ ನಾಲ್ಕೈದು ಇಂಚಿನ ಆರ್‌ಸಿಸಿ ತಾರಸಿ ಹಗಲೆಲ್ಲ ಕಾಯ್ದು, ಸಂಜೆಯಿಂದ ರಾತ್ರಿಯವರೆಗೆ ಆ ಕಾವನ್ನು ಕೋಣೆಗೆ ಸುರಿಯುತ್ತದೆ. ಹತ್ತಡಿ ಹನ್ನೆರಡಡಿಯ ಕೋಣೆಗೆ ತಾರಸಿಯಿಂದಲೇ ಒಂದು ಕಿಲೋವಾಟ್‌ನಷ್ಟು ಶಾಖ ಇಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ತಾರಸಿಗೆ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಯುವುದು ಅರ್ಧ ಟನ್ ಹೆಚ್ಚಿಸುವುದಕ್ಕಿಂತ ಎಷ್ಟೋ ಅಗ್ಗ. ಪಕ್ಕದ ತೆಲಂಗಾಣ 2023ರಲ್ಲೇ ತಂಪು ತಾರಸಿಗೆಂದೇ ಒಂದು ನೀತಿ ತಂದಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಅದು ಅಷ್ಟೇ ಅಗತ್ಯ.

ಕಲಬುರಗಿ, ರಾಯಚೂರು, ಬಳ್ಳಾರಿಯವರ ಕೈಯಲ್ಲಿ ಇನ್ನೊಂದು ದಾರಿಯೂ ಇದೆ, ಅದು ಕೂಲರ್. 40 ಡಿಗ್ರಿ, ಶೇ 20 ತೇವಾಂಶದ ಗಾಳಿಯನ್ನು ನೀರಿನಲ್ಲಿ ಹಾಯಿಸಿದರೆ ತಾತ್ತ್ವಿಕವಾಗಿ 22 ಡಿಗ್ರಿಯವರೆಗೂ ಇಳಿಸಬಹುದು. ಹುಲ್ಲಿನ ಪ್ಯಾಡಿನ ಒಳ್ಳೆಯ ಕೂಲರ್ 26–27ಕ್ಕೆ ತಂದುಕೊಡುತ್ತದೆ, ಒಂದು ಎಸಿಯ ಹತ್ತನೇ ಒಂದು ಭಾಗದಷ್ಟು ವಿದ್ಯುತ್ತಿನಲ್ಲಿ. ಮಂಗಳೂರಿನ ಗಾಳಿಯನ್ನು ಹಾಗೆ ಇಳಿಸಬಹುದಾದದ್ದು 27ರವರೆಗೆ ಮಾತ್ರ, ಅದೂ ಗಾಳಿ ನೀರಿನಿಂದ ಪೂರ್ತಿ ತೊಯ್ದ ಮೇಲೆ. ಅಲ್ಲಿ ಕೂಲರ್ ಕೊಳ್ಳುವುದು ಸೆಖೆಯನ್ನು ದುಡ್ಡು ಕೊಟ್ಟು ತಂದಂತೆ. ಆದರೆ ಕೂಲರಿಗೆ ನೀರು ಬೇಕು, ಆ ಭಾಗದಲ್ಲಿ ಬೇಸಿಗೆಯೆಂದರೆ ಟ್ಯಾಂಕರಿಗಾಗಿ ಕಾಯುವ ಕಾಲವೂ ಹೌದು. ಜೂನ್‌ನಲ್ಲಿ ಮಳೆ ಶುರುವಾಗಿ ಗಾಳಿ ತೇವವಾದರೆ ಕೂಲರಿನ ಆಟ ಮುಗಿಯಿತು. ಹಾಗಾಗಿ ಅನುಕೂಲವಿದ್ದವರು ಎರಡನ್ನೂ ಇಟ್ಟುಕೊಳ್ಳುತ್ತಾರೆ. ಇಲ್ಲದವರಿಗೆ ಕೂಲರೇ ಗತಿ.

ಹೊರ ಘಟಕದ ಆಯುಸ್ಸಿನ ಕಥೆಯೂ ಊರಿಂದೂರಿಗೆ ಬೇರೆ. ಸಮುದ್ರದ ಉಪ್ಪುಗಾಳಿ ಕಾಯಿಲ್‌ಗೆ ಅಂಟಿಕೊಂಡ ಅಲ್ಯೂಮಿನಿಯಂ ರೆಕ್ಕೆಗಳನ್ನು ತಿಂದುಹಾಕುತ್ತದೆ; ಕರಾವಳಿಯವರು ಕಾಯಿಲ್‌ಗೆ ತುಕ್ಕುನಿರೋಧಕ ಲೇಪನ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಬಯಲುಸೀಮೆಯಲ್ಲಿ ಧೂಳು ರೆಕ್ಕೆಗಳ ನಡುವೆ ಕಟ್ಟಿಕೊಂಡು ಗಾಳಿ ಆಡದಂತೆ ಮಾಡುತ್ತದೆ, ಆಗ 42 ಡಿಗ್ರಿಯಲ್ಲೂ ಯಂತ್ರ 48ರಲ್ಲಿ ಓಡಿದಂತೆ ಏದುಸಿರು ಬಿಡುತ್ತದೆ. ಬೇಸಿಗೆಗೆ ಮುಂಚೆ ಸರ್ವಿಸ್ ಮಾಡಿಸಿ, ಘಟಕಕ್ಕೆ ನೆರಳು ಮಾಡಿದರೆ ಸಾಕು. ಕಾಯಿಲ್ ಮೇಲೆ ನೀರು ಚಿಮುಕಿಸುವ ಅಭ್ಯಾಸ ಕೆಲವರಿಗಿದೆ. ಕೊಳವೆಬಾವಿಯ ಗಡಸು ನೀರಿನ ಊರಿನಲ್ಲಿ ಇದರಿಂದ ರೆಕ್ಕೆಗಳ ಮೇಲೆ ಬಿಳಿ ಪದರ ಕಟ್ಟಿ ಕೊನೆಗೆ ಕಾಯಿಲ್ಲೇ ಹಾಳು.

ಬೆಂಗಳೂರಿನ ವಿಚಾರ ಚಿಕ್ಕದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ 2024ರ ಏಪ್ರಿಲ್ ಕೊನೆಗೆ 38 ಡಿಗ್ರಿ ದಾಟಿದ್ದು ನಿಜ, ಆದರೆ ರಾತ್ರಿ ಹೊರಗಾಳಿ ಈಗಲೂ ತಂಪಾಗುತ್ತದೆ. ಪಶ್ಚಿಮಕ್ಕೆ ಗಾಜಿನ ಕಿಟಕಿ ಇರುವ ಅಪಾರ್ಟ್‌ಮೆಂಟುಗಳಲ್ಲಿ ಶಾಖ ಒಳಗೇ ಉಳಿಯುತ್ತದೆ ಎಂಬುದೇ ಅಲ್ಲಿನ ತೊಂದರೆ. ವರ್ಷಕ್ಕೆ ಆರು ವಾರ ಎಸಿ ಹಾಕುವವರು ಹೆಚ್ಚಿನ ಬೆಲೆ ಕೊಟ್ಟು ಐದು ಸ್ಟಾರ್ ಕೊಂಡರೆ ಆ ಹೆಚ್ಚುವರಿ ಹಣ ಯಂತ್ರದ ಆಯುಸ್ಸಿನೊಳಗೆ ಹಿಂದಿರುಗುವುದು ಕಷ್ಟ. ಸೊಳ್ಳೆಪರದೆಯ ಕಿಟಕಿ ಮತ್ತು ಬಿಸಿಲು ತಡೆಯುವ ಹೊರಪರದೆಗೆ ಅದೇ ಹಣ ಹಾಕಬಹುದು. ಎಂಟು ತಿಂಗಳು ಎಸಿ ಓಡಿಸುವ ಮಂಗಳೂರಿನವರಿಗೆ ಲೆಕ್ಕ ಉಲ್ಟಾ.

ಬಿಲ್ಲಿನ ಪ್ರಶ್ನೆ ಕರ್ನಾಟಕದಲ್ಲಿ ಇನ್ನೊಂದು ತಿರುವು ಪಡೆಯುತ್ತದೆ. ಗೃಹಜ್ಯೋತಿಯಡಿ ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗಂಟೆಗೆ ಅರ್ಧ ಯೂನಿಟ್‌ನಂತೆ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 120, ಮುಕ್ಕಾಲು ಯೂನಿಟ್‌ನಂತೆ ಓಡಿದರೆ 180. ಫ್ರಿಜ್, ಪಂಪು ಸೇರಿದರೆ ಗಡಿಯ ಆಚೆ ಈಚೆ ನಿರ್ಧಾರವಾಗುವುದು ಈ ಕಾಲು ಯೂನಿಟ್‌ನಲ್ಲಿ. ಮಧ್ಯಮ ವರ್ಗದ ಮನೆಗೆ ಲೇಬಲ್ ಮೇಲಿನ ಅಂಕಿ ಪ್ರಾಮಾಣಿಕವಾಗಿರಬೇಕು ಎನ್ನುವುದು ಇದಕ್ಕಾಗಿಯೇ.

ಇದು ಆಗದ ಕೆಲಸವೇನಲ್ಲ. ಅಮೆರಿಕದಲ್ಲಿ ಮನೆಗಳ ಸೆಂಟ್ರಲ್ ಎಸಿಗಳಿಗೆ 2015ರಿಂದ ಉತ್ತರ, ಆಗ್ನೇಯ, ನೈರುತ್ಯ ಎಂದು ಪ್ರದೇಶವಾರು ಕನಿಷ್ಠ ಮಾನದಂಡಗಳಿವೆ. ಅರಿಜೋನಾದಂಥ ಬಿಸಿಲು ರಾಜ್ಯಗಳಿರುವ ನೈರುತ್ಯಕ್ಕೆ 35 ಡಿಗ್ರಿಯಲ್ಲಿನ ದಕ್ಷತೆಯ ಷರತ್ತು ಪ್ರತ್ಯೇಕ. ನಮ್ಮ ಕರಾವಳಿಯ ಎಷ್ಟೋ ಮಂದಿ ದುಡಿಯಲು ಹೋಗುವ ಸೌದಿ ಅರೇಬಿಯಾದಲ್ಲಿ ಎಸಿಯನ್ನು 35 ಮತ್ತು 46 ಡಿಗ್ರಿ ಎರಡರಲ್ಲೂ ಪರೀಕ್ಷಿಸುತ್ತಾರೆ. ಅಷ್ಟು ದೂರವೇಕೆ, ಇದೇ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಮನೆಗಳಿಗಾಗಿ ರೂಪಿಸಿದ ಎಕೋ ನಿವಾಸ್ ಸಂಹಿತೆ ದೇಶವನ್ನು ಹವಾಮಾನ ವಲಯಗಳಾಗಿ ವಿಂಗಡಿಸಿದೆ. ಅದರಂತೆ ಬೆಂಗಳೂರಿನದು ಸಮಶೀತೋಷ್ಣ ವಲಯ, ಮಂಗಳೂರಿನದು ಬಿಸಿ ಮತ್ತು ತೇವದ ವಲಯ. ಗೋಡೆಗೆ ಅನ್ವಯಿಸಿದ ವಿವೇಕವನ್ನು ಅದೇ ಗೋಡೆಗೆ ತೂಗುಹಾಕುವ ಯಂತ್ರಕ್ಕೂ ಅನ್ವಯಿಸಲು ಅಡ್ಡಿಯೇನು?

ಬೇಕಿರುವುದು ಲೇಬಲ್ ಮೇಲೆ ಎರಡು ಸಾಲು: 46 ಡಿಗ್ರಿಯಲ್ಲಿ ಈ ಯಂತ್ರ ಎಷ್ಟು ಟನ್ ಕೊಡುತ್ತದೆ, ಮತ್ತು ಹೊರಗೆ 28 ಡಿಗ್ರಿ ಇದ್ದು ನಿಧಾನವಾಗಿ ಓಡುವಾಗ ಗಂಟೆಗೆ ಎಷ್ಟು ಲೀಟರ್ ನೀರಿಳಿಸುತ್ತದೆ. ಅದು ಬರುವವರೆಗೆ ಕೊಳ್ಳುವವರೇ ಅಂಗಡಿಯಲ್ಲಿ ಕೇಳಬೇಕು. ಮೊದಲನೆಯದು ಕೆಲವು ಮಾದರಿಗಳ ತಾಂತ್ರಿಕ ವಿವರದ ಹಾಳೆಯಲ್ಲಿ ಸಿಗುತ್ತದೆ. "52 ಡಿಗ್ರಿಯವರೆಗೂ ಓಡುತ್ತದೆ" ಎಂಬ ಜಾಹೀರಾತಿನ ಸಾಲನ್ನು ಇದಕ್ಕೆ ಉತ್ತರವೆಂದು ಒಪ್ಪಿಕೊಳ್ಳಬೇಡಿ. ಅದರ ಅರ್ಥ ಯಂತ್ರ ಟ್ರಿಪ್ ಆಗದೆ ಚಾಲೂ ಇರುತ್ತದೆ ಎಂದಷ್ಟೇ, ಆಗ ಎಷ್ಟು ತಂಪು ಕೊಡುತ್ತದೆ ಎಂದಲ್ಲ. ಎರಡನೆಯದನ್ನು ಗಂಟೆಗೆ ಇಷ್ಟು ಲೀಟರ್ ಎಂದು ಕೆಲವು ಕಂಪನಿಗಳು ನಮೂದಿಸುತ್ತವೆ, ಬಹುತೇಕ ಪೂರ್ತಿ ವೇಗದ ಅಂಕಿಯನ್ನೇ. ಕಡಿಮೆ ವೇಗದಲ್ಲಿ ಎಷ್ಟು ಎಂದು ಉಡುಪಿಯ, ಕುಂದಾಪುರದ, ಕಾರವಾರದ ಗಿರಾಕಿಗಳು ಕೇಳತೊಡಗಿದರೆ ಆ ಅಂಕಿಯೂ ಹಾಳೆಯ ಮೇಲೆ ಬರುತ್ತದೆ.